ಬ್ಯಾಂಡ್ ಪ್ಲಾನ್ ಕಾನೂನಲ್ಲ ಅಂದಮೇಲೆ ಪಾಲಿಸಲೇಬೇಕಾ?

ಪ್ರಶ್ನೆ: ನನಗೆ ಈಚೆಗೆ ಹ್ಯಾಮ್ (ಹವ್ಯಾಸಿ) ರೇಡಿಯೋ ಲೈಸೆನ್ಸ್ ಸಿಕ್ಕಿದೆ. ಮೊನ್ನೆ 20 ಮೀಟರ್ ಬ್ಯಾಂಡಿನಲ್ಲಿ 14.073 ಮೆಗಾಹರ್ಟ್ಸ್‌ಗೆ ಡಯಲ್ ಇಟ್ಟು ಕೇಳಿದೆ. ಯಾರ ಮಾತೂ ಇರಲಿಲ್ಲ, ಏನೋ ಗುಂಯ್‌ಗುಡುವ ಸದ್ದು ಮಾತ್ರ ಇತ್ತು. ಎಸ್‌ಎಸ್‌ಬಿಯಲ್ಲಿ, ಅಂದರೆ ಧ್ವನಿಯಲ್ಲಿ, ಸಿಕ್ಯೂ (ಯಾರಾದರೂ ಮಾತಿಗೆ ಬನ್ನಿ ಅನ್ನುವ ಕರೆ) ಕರೆದೆ. ಒಬ್ಬರು ಬಂದು "ಬ್ಯಾಂಡ್ ಪ್ಲಾನ್ ಪ್ರಕಾರ ಇದು ಡಿಜಿಟಲ್ ಜಾಗ, ದಯವಿಟ್ಟು ಮೇಲಕ್ಕೆ ಹೋಗಿ" ಎಂದರು. ಆಮೇಲೆ ಹಿರಿಯ ಹ್ಯಾಮ್ ಒಬ್ಬರನ್ನು ವಿಚಾರಿಸಿದರೆ, "ಬ್ಯಾಂಡ್ ಪ್ಲಾನ್ ಕಾನೂನೇನಲ್ಲ, ಲೈಸೆನ್ಸಿನಲ್ಲಿ 14.000 ರಿಂದ 14.350 ಅಂತ ಇದೆಯಲ್ಲ, ನಿಮ್ಮನ್ನು ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ" ಅಂದರು. ಯಾರ ಮಾತು ಕೇಳಲಿ? ಹುಡುಕಿದರೆ ನಾಲ್ಕಾರು ಥರದ ಪ್ಲಾನ್‌ಗಳು ಸಿಗುತ್ತವೆ, ಅದರಲ್ಲಿ ಯಾವುದು ನನ್ನದು? ಪ್ಲಾನ್ ಮೀರಿದವರು ನನಗೇ ಎದುರಾದರೆ ಏನು ಮಾಡಬೇಕು?

ಉತ್ತರ: ಹಿರಿಯರು ಹೇಳಿದ್ದು ಕಾಗದದ ಮಟ್ಟಿಗೆ ನಿಜ. ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲನೆಯವರು ಹೇಳಿದ ತಕ್ಷಣ ಮೇಲಕ್ಕೆ ಹೋಗುತ್ತಿದ್ದೆ. ಅವರು ವಿನಯವಾಗಿ ಕೇಳಿದರು ಅನ್ನುವುದು ಒಂದು ಕಾರಣ. ಇನ್ನೂ ದೊಡ್ಡ ಕಾರಣ, ನೀವು ಕರೆದ ಜಾಗದಲ್ಲಿ ಆ ಹೊತ್ತಿಗೆ ಹತ್ತಾರು ಜನ ಇದ್ದಿರಬೇಕು. ಆ ಗುಂಯ್ ಸದ್ದೇ ಅವರು.

ಮೊದಲು ಕಾನೂನು ಯಾವುದು, ಪ್ಲಾನ್ ಯಾವುದು ಅಂತ ಬಿಡಿಸಿಕೊಳ್ಳೋಣ. ಯಾವ ಬ್ಯಾಂಡ್ ಹವ್ಯಾಸಿಗಳಿಗೆ ಸೇರಿದ್ದು ಅನ್ನುವುದನ್ನು ಐಟಿಯು, ಅಂದರೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ತನ್ನ ರೇಡಿಯೋ ನಿಯಮಗಳಲ್ಲಿ ಹೇಳುತ್ತದೆ. ಅದರ ಮೇಲೆ ಪ್ರತಿ ದೇಶದ ಸರ್ಕಾರ ತನ್ನ ನಿಯಮ ಮಾಡುತ್ತದೆ. ನಿಮ್ಮ ಲೈಸೆನ್ಸಿನಲ್ಲಿರುವ ಅಂಕಿಗಳು ಅಲ್ಲಿಂದ ಬಂದವು. ಅವನ್ನು ಮೀರಿದರೆ ಕಾನೂನು ಮೀರಿದಂತೆ. ಬ್ಯಾಂಡ್ ಪ್ಲಾನ್ ಆ ಗಡಿಯ ಒಳಗಿನ ವಿಷಯ. ಸಿಕ್ಕ ಜಾಗವನ್ನು ಮೋರ್ಸ್‌ನವರು, ಡಿಜಿಟಲ್‌ನವರು, ಮಾತಾಡುವವರು, ಉಪಗ್ರಹದವರು ಹೇಗೆ ಹಂಚಿಕೊಳ್ಳಬೇಕು ಅಂತ ಹ್ಯಾಮ್‌ಗಳೇ ಕೂತು ಮಾಡಿಕೊಂಡ ಒಪ್ಪಂದ ಅದು. ಮಾಡುವುದು ಐಎಆರ್‌ಯು, ಅಂದರೆ 1925ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಹವ್ಯಾಸಿಗಳ ಅಂತಾರಾಷ್ಟ್ರೀಯ ಒಕ್ಕೂಟ. ಆಯಾ ದೇಶದ ಹ್ಯಾಮ್ ಸಂಘಗಳೇ ಅದರ ಸದಸ್ಯರು. ಪ್ಲಾನ್ ಮೀರಿದವರಿಗೆ ದಂಡ ಹಾಕುವ ಅಧಿಕಾರ ಅದಕ್ಕೆ ಇಲ್ಲ.

ಒಂದು ಎಚ್ಚರಿಕೆ. ಈ ಗೆರೆ ಎಲ್ಲ ದೇಶದಲ್ಲೂ ಒಂದೇ ಕಡೆ ಬೀಳುವುದಿಲ್ಲ. ಅಮೆರಿಕದಲ್ಲಿ 20 ಮೀಟರಿನಲ್ಲಿ 14.150ರ ಕೆಳಗೆ ಮಾತಾಡುವುದು ಕಾನೂನಿನ ಪ್ರಕಾರವೇ ತಪ್ಪು. ಬೇರೆ ಎಷ್ಟೋ ದೇಶಗಳು ಅದನ್ನು ಪ್ಲಾನ್‌ಗೇ ಬಿಟ್ಟಿವೆ. ಹಾಗೆಯೇ 30 ಮೀಟರ್ ಬ್ಯಾಂಡಿನಲ್ಲಿ ನಾವು ಎರಡನೇ ದರ್ಜೆಯ ಬಳಕೆದಾರರು. ಅಲ್ಲಿರುವ ಮೊದಲ ದರ್ಜೆಯ ಸೇವೆಗೆ ಅಡ್ಡಿ ಮಾಡಬಾರದು ಅನ್ನುವುದು ಒಪ್ಪಂದವಲ್ಲ, ನಿಯಮ. 2015ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಸಿಕ್ಕ 60 ಮೀಟರಿನ ಸಣ್ಣ ತುಂಡಿಗೂ, ಅಂದರೆ 5351.5 ರಿಂದ 5366.5 ಕಿಲೋಹರ್ಟ್ಸ್‌ವರೆಗಿನ ಜಾಗಕ್ಕೂ, ಅದೇ ಷರತ್ತು ಇದೆ. ಜೊತೆಗೆ ಪವರ್ ಮಿತಿಯೂ ಬಿಗಿಯಾಗಿದೆ, ಹೆಚ್ಚಿನ ದೇಶಗಳಲ್ಲಿ 15 ವ್ಯಾಟ್ ಇಐಆರ್‌ಪಿ (ಆಂಟೆನಾದ ಗೇನ್ ಸೇರಿಸಿ ಲೆಕ್ಕ ಹಾಕಿದ ಪವರ್). ಆದ್ದರಿಂದ "ಅದೆಲ್ಲ ಬರೀ ಪ್ಲಾನು" ಅಂತ ಯಾರಾದರೂ ಅಂದರೆ ಮೊದಲು ನಿಮ್ಮ ಲೈಸೆನ್ಸ್ ಷರತ್ತು ತೆಗೆದು ನೋಡಿ.

ಈಗ ನಿಮ್ಮ ಪ್ರಶ್ನೆಯ ಹೂರಣಕ್ಕೆ ಬರುತ್ತೇನೆ. ಕಾನೂನಲ್ಲದಿದ್ದರೂ ಯಾಕೆ ಪಾಲಿಸಬೇಕು? "ಮೊದಲು ಕೇಳು, ಆಮೇಲೆ ಕರೆ" ಅನ್ನುವುದನ್ನು ಎಲ್ಲರೂ ಮೊದಲ ದಿನವೇ ಕಲಿಯುತ್ತಾರೆ. ನೀವೂ ಕೇಳಿದಿರಿ. ಆದರೂ ಎಡವಟ್ಟಾಯಿತು. ಶಾರ್ಟ್‌ವೇವ್‌ನಲ್ಲಿ ಕಿವಿಯೊಂದನ್ನೇ ನಂಬಿದರೆ ಸಾಲದು ಅನ್ನುವುದಕ್ಕೆ ಇದೇ ಸಾಕ್ಷಿ. ಬ್ಯಾಂಡ್ ಪ್ಲಾನ್ ಇರುವುದು ಮುಖ್ಯವಾಗಿ ನಿಮಗೆ ಕೇಳಿಸದವರಿಗಾಗಿ.

14 ಮೆಗಾಹರ್ಟ್ಸ್‌ನಲ್ಲಿ ನಿಮ್ಮ ಸಿಗ್ನಲ್ ನೆಲಕ್ಕೆ ಅಂಟಿಕೊಂಡು ಕೆಲವು ಹತ್ತು ಕಿಲೋಮೀಟರ್ ಹೋಗಿ ಸೋತುಹೋಗುತ್ತದೆ. ಮೇಲಕ್ಕೆ ಹೋದ ಭಾಗ ಅಯಾನುಗೋಳದಲ್ಲಿ ಬಾಗಿ ನೂರಾರು, ಸಾವಿರಾರು ಕಿಲೋಮೀಟರ್ ಆಚೆ ನೆಲಕ್ಕೆ ಬರುತ್ತದೆ. ನಡುವೆ ಒಂದು ಮೌನದ ಪಟ್ಟಿ ಉಳಿಯುತ್ತದೆ. ಅದಕ್ಕೆ ಸ್ಕಿಪ್ ಝೋನ್ ಅನ್ನುತ್ತೇವೆ. ಈಗ ಯೋಚಿಸಿ. ನಿಮ್ಮಿಂದ 200 ಕಿಲೋಮೀಟರ್ ದೂರದ ಒಬ್ಬರು 3,000 ಕಿಲೋಮೀಟರ್ ದೂರದ ಇನ್ನೊಬ್ಬರಿಗೆ ಕಳಿಸುತ್ತಿದ್ದಾರೆ. ಕಳಿಸುವವರು ನಿಮ್ಮ ಸ್ಕಿಪ್ ಝೋನ್‌ನಲ್ಲಿದ್ದಾರೆ, ನಿಮಗೆ ಅವರ ಸುಳಿವೇ ಇಲ್ಲ. ಆದರೆ ಕೇಳುವವರಿಗೆ ನಿಮ್ಮಿಬ್ಬರ ಸಿಗ್ನಲ್ಲೂ ತಲುಪುತ್ತದೆ. ನೀವು ಎಷ್ಟೇ ಹೊತ್ತು ಕಿವಿಗೊಟ್ಟರೂ ಇದು ಗೊತ್ತಾಗುವುದಿಲ್ಲ. "ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯಾ?" ಅಂತ ಕೇಳಿದರೆ, ಅಂದರೆ ಮೋರ್ಸ್‌ನವರ ಕ್ಯೂಆರ್‌ಎಲ್ ಪ್ರಶ್ನೆ ಹಾಕಿದರೆ, ಆ ಕಡೆಯವರು ಉತ್ತರ ಕೊಡಬಹುದು. ಆದರೆ ಇಬ್ಬರ ಮೋಡ್, ಅಂದರೆ ಸಿಗ್ನಲ್ ಕಳಿಸುವ ವಿಧಾನ, ಒಂದೇ ಆಗಿದ್ದರೆ ಮಾತ್ರ. ಒಂದೇ ಥರದ ಬಳಕೆದಾರರನ್ನು ಒಂದೇ ತುಂಡಿನಲ್ಲಿ ಕೂರಿಸಿದರೆ ಒಬ್ಬರ ಪ್ರಶ್ನೆ ಇನ್ನೊಬ್ಬರಿಗೆ ಅರ್ಥವಾಗುತ್ತದೆ. ಪ್ಲಾನ್ ಮಾಡುವ ಮೊದಲ ಉಪಕಾರ ಅದು.

ನಿಮಗಾದದ್ದು ಇದೇ. 14.073ಕ್ಕೆ ಡಯಲ್ ಇಟ್ಟು ಯುಎಸ್‌ಬಿಯಲ್ಲಿ (ಎಸ್‌ಎಸ್‌ಬಿಯ ಮೇಲಿನ ಪಕ್ಕದಲ್ಲಿ) ಮಾತಾಡಿದರೆ ಧ್ವನಿ ಡಯಲ್‌ನಿಂದ ಮೇಲಕ್ಕೆ ಸುಮಾರು 3 ಕಿಲೋಹರ್ಟ್ಸ್ ಹರಡುತ್ತದೆ, ಅಂದರೆ ಹತ್ತಿರಹತ್ತಿರ 14.076ರ ತನಕ. 20 ಮೀಟರಿನಲ್ಲಿ ಎಫ್‌ಟಿ8 ಅನ್ನುವ ಡಿಜಿಟಲ್ ಮೋಡಿನವರ ಡಯಲ್ 14.074. ಅವರೂ ಅಲ್ಲಿಂದ ಮೇಲಕ್ಕೆ ಸುಮಾರು 3 ಕಿಲೋಹರ್ಟ್ಸ್ ಬಳಸುತ್ತಾರೆ. ಒಂದೊಂದು ಎಫ್‌ಟಿ8 ಸಿಗ್ನಲ್ 50 ಹರ್ಟ್ಸ್ ಅಗಲ ಮಾತ್ರ. ಹಾಗಾಗಿ ಒಬ್ಬರು ಮಾತಾಡುವಷ್ಟು ಜಾಗದಲ್ಲಿ ಹತ್ತಾರು ಜನ ಅಕ್ಕಪಕ್ಕ ನಿಂತಿರುತ್ತಾರೆ. ಎಲ್ಲರೂ ಗಡಿಯಾರ ಹೊಂದಿಸಿಕೊಂಡು 15 ಸೆಕೆಂಡಿನ ಸರದಿಯಲ್ಲಿ ಕಳಿಸುತ್ತಾರೆ. ಅದಕ್ಕೇ ಅದು ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲುವ ಗುಂಯ್‌ಕಾರದಂತೆ ಕೇಳುತ್ತದೆ. ಕಿವಿಗೆ ಕೇಳಿಸದಷ್ಟು ಕ್ಷೀಣ ಸಿಗ್ನಲ್ಲನ್ನೂ ಕಂಪ್ಯೂಟರ್ ಹೆಕ್ಕಿ ತೆಗೆಯುತ್ತದೆ. ನಡುವೆ ಜೋರಾದ ಧ್ವನಿ ಬಂದರೆ ರಿಸೀವರಿನ ಎಜಿಸಿ (ಸ್ವಯಂಚಾಲಿತ ಗೇನ್ ನಿಯಂತ್ರಣ) ತನ್ನಷ್ಟಕ್ಕೆ ಗೇನ್ ಇಳಿಸುತ್ತದೆ, ಆ ಸರದಿಯ ಕ್ಷೀಣ ಸಿಗ್ನಲ್‌ಗಳೆಲ್ಲ ಮುಳುಗುತ್ತವೆ. ಅವರು ಬಾಯಿಬಿಟ್ಟು "ಇಲ್ಲಿ ನಾವಿದ್ದೇವೆ" ಅನ್ನಲಾರರು. ಒಬ್ಬರು ಮೋಡ್ ಬದಲಿಸಿ ನಿಮಗೆ ಹೇಳಿದ್ದು ದೊಡ್ಡ ಮಾತು.

ಬೀಕನ್‌ಗಳ, ಅಂದರೆ ದಾರಿ ತೆರೆದಿದೆಯಾ ಅಂತ ಕೇಳುಗರು ತಿಳಿಯಲೆಂದು ತಾವಾಗಿ ಸಿಗ್ನಲ್ ಕಳಿಸುವ ಸ್ಟೇಷನ್‌ಗಳ, ಕಥೆ ಇನ್ನೂ ಸೂಕ್ಷ್ಮ. 14.100ರಲ್ಲಿ ಪ್ರಪಂಚದ ಬೇರೆ ಬೇರೆ ಮೂಲೆಗಳ 18 ಬೀಕನ್‌ಗಳು ಸರದಿಯಲ್ಲಿ ಕಳಿಸುವ ಏರ್ಪಾಡಿದೆ. ಒಂದೊಂದಕ್ಕೆ 10 ಸೆಕೆಂಡು, ಇಡೀ ಸುತ್ತಿಗೆ 3 ನಿಮಿಷ. ಮೊದಲು ಮೋರ್ಸ್‌ನಲ್ಲಿ ಕಾಲ್‌ಸೈನ್, ಆಮೇಲೆ ನಾಲ್ಕು ಉದ್ದ ಸದ್ದು: 100 ವ್ಯಾಟ್, 10 ವ್ಯಾಟ್, 1 ವ್ಯಾಟ್, ಕೊನೆಗೆ 0.1 ವ್ಯಾಟ್. ಎಷ್ಟನೇ ಸದ್ದಿನ ತನಕ ಕೇಳಿತು ಅನ್ನುವುದರ ಮೇಲೆ ಆ ದಿಕ್ಕಿನ ದಾರಿ ಎಷ್ಟು ತೆರೆದಿದೆ ಅಂತ ಹೇಳಬಹುದು. ನನಗೆ ಹವ್ಯಾಸಿ ರೇಡಿಯೋದಲ್ಲಿ ಇದಕ್ಕಿಂತ ಚೆಂದದ, ಇಷ್ಟು ಸರಳವಾದ ಏರ್ಪಾಡು ಇನ್ನೊಂದು ಕಂಡಿಲ್ಲ. 18.110, 21.150, 24.930, 28.200ರಲ್ಲೂ ಇದೇ ಸುತ್ತು ನಡೆಯುತ್ತದೆ. ಇಲ್ಲಿ ಮೌನವೂ ಮಾಹಿತಿಯೇ. ಒಂದು ಬೀಕನ್ ಕೇಳಿಸದಿದ್ದರೆ ಆ ದಾರಿ ಮುಚ್ಚಿದೆ ಅಂತ ಕೇಳುಗರು ಬರೆದುಕೊಳ್ಳುತ್ತಾರೆ. ಈಗ ಒಬ್ಬರು ಬಂದು 14.100ರಲ್ಲಿ ಅರ್ಧ ನಿಮಿಷ ಕೇಳಿ, ಖಾಲಿ ಇದೆ ಅಂದುಕೊಂಡು ಸಿಕ್ಯೂ ಕರೆದರೆ? ಕೆಟ್ಟ ಉದ್ದೇಶ ಏನೂ ಇಲ್ಲ, ಆದರೆ ಕೇಳುತ್ತಾ ಕೂತವರ ಕೆಲಸ ಹಾಳು. ಅದಕ್ಕೇ 14.099 ರಿಂದ 14.101ರ ತನಕ ಯಾರೂ ಕಳಿಸಬಾರದು ಅಂತ ಪ್ಲಾನ್ ಹೇಳುತ್ತದೆ. ಪ್ಲಾನಿನ ಉಳಿದ ಸಾಲುಗಳಲ್ಲಿ ಅಲ್ಪಸ್ವಲ್ಪ ಸಡಿಲ ಒಪ್ಪಬಹುದು. ಈ ಸಾಲಿನಲ್ಲಿ ಮಾತ್ರ ನಾನು ಚೂರೂ ಸಡಿಲ ಬಿಡುವುದಿಲ್ಲ.

2 ಮೀಟರ್ ಬ್ಯಾಂಡಿನಲ್ಲಿ ಇದೇ ಮಾತು ಉಪಗ್ರಹಗಳಿಗೆ ಅನ್ವಯಿಸುತ್ತದೆ. 145.800 ರಿಂದ 146.000ರ ತನಕ ಹವ್ಯಾಸಿ ಉಪಗ್ರಹಗಳ ಜಾಗ. 70 ಸೆಂಟಿಮೀಟರಿನಲ್ಲಿ 435 ರಿಂದ 438. ಕೆಳಕಕ್ಷೆಯ ಉಪಗ್ರಹವೊಂದು ನಿಮ್ಮ ತಲೆಯ ಮೇಲೆ ಹಾದುಹೋಗುವುದು ಹತ್ತು ಹದಿನೈದು ನಿಮಿಷ. ಉಳಿದ ಹೊತ್ತಿನಲ್ಲಿ ಆ ಜಾಗ ಖಾಲಿ ಖಾಲಿ. ಗೆಳೆಯರಿಬ್ಬರು ಹ್ಯಾಂಡಿ ಹಿಡಿದು 145.900ರಲ್ಲಿ ಎಫ್‌ಎಂ ಹರಟೆ ಶುರು ಮಾಡುತ್ತಾರೆ, ದಿನಗಟ್ಟಲೆ ಯಾರೂ ತಕರಾರು ಮಾಡುವುದಿಲ್ಲ, ಅದು ನಮ್ಮ ಚಾನೆಲ್ ಅಂತ ರೂಢಿಯಾಗಿಬಿಡುತ್ತದೆ. ಆದರೆ ಸಾವಿರ ಕಿಲೋಮೀಟರ್ ಆಚೆಯಿಂದ ಒಂದು ವ್ಯಾಟ್‌ಗೂ ಕಡಿಮೆ ಪವರಿನಲ್ಲಿ ಬರುವ ಸಿಗ್ನಲ್ಲಿಗೆ ಕಾದು ಕೂತವರು ಅಕ್ಕಪಕ್ಕದಲ್ಲೇ ಇರಬಹುದು. ಇದಕ್ಕಿಂತ ಕೆಟ್ಟದ್ದೂ ಉಂಟು. ಅದೇ ಜಾಗದಲ್ಲಿ ಅಪ್‌ಲಿಂಕ್ (ನೆಲದಿಂದ ಮೇಲಕ್ಕೆ ಕಳಿಸುವ ಫ್ರೀಕ್ವೆನ್ಸಿ) ಇರುವ ಲೀನಿಯರ್ ಟ್ರಾನ್ಸ್‌ಪಾಂಡರ್ ಉಪಗ್ರಹದಲ್ಲಿ ಇದ್ದರೆ, ನೆಲದ ಎಫ್‌ಎಂ ಸಿಗ್ನಲ್ ಮೇಲಕ್ಕೂ ಹೋಗುತ್ತದೆ. ಟ್ರಾನ್ಸ್‌ಪಾಂಡರ್ ತನಗೆ ಬಂದದ್ದನ್ನೆಲ್ಲ ಹಿಗ್ಗಿಸಿ ವಾಪಸ್ ಕಳಿಸುತ್ತದೆ. ಅದರ ಚಿಕ್ಕ ಬ್ಯಾಟರಿಯ ಶಕ್ತಿಯಲ್ಲಿ ದೊಡ್ಡ ಪಾಲು ಈ ಹರಟೆಗೆ ಹೋಗಿ, ಉಳಿದವರ ಸಿಗ್ನಲ್ ಸೊರಗುತ್ತದೆ. ಹರಟೆಯವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಬ್ಯಾಂಡಿನ ಕೆಳತುದಿಯಲ್ಲಿ ಚಂದ್ರನಿಗೆ ಸಿಗ್ನಲ್ ಬಡಿದು ಮಾತಾಡುವವರಿದ್ದಾರೆ. 144 ಮೆಗಾಹರ್ಟ್ಸ್‌ನಲ್ಲಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಸುಮಾರು 250 ಡೆಸಿಬೆಲ್ ನಷ್ಟ, ಸದ್ದು ವಾಪಸ್ ಬರಲು ಎರಡೂವರೆ ಸೆಕೆಂಡು. ಅವರ ಪಕ್ಕದಲ್ಲಿ ಎಫ್‌ಎಂ ಮಾತು ಬಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅಗಲದ ಲೆಕ್ಕವನ್ನೂ ಒಮ್ಮೆ ನೋಡಿಬಿಡಿ. ಪ್ಲಾನಿನ ಪಟ್ಟಿಯಲ್ಲಿ 200, 500, 2700 ಅಂತ ಹರ್ಟ್ಸ್‌ಗಳ ಕಾಲಂ ಇರುತ್ತದೆ. ಮೊದಲನೇ ವಲಯದ (ಯುರೋಪ್, ಆಫ್ರಿಕಾ ಕಡೆಯ; ವಲಯಗಳ ವಿಷಯ ಮುಂದೆ ಹೇಳುತ್ತೇನೆ) ಪ್ಲಾನ್ ಮೋಡಿನ ಹೆಸರಿಗಿಂತ ಸಿಗ್ನಲ್ಲಿನ ಅಗಲವನ್ನೇ ಅಳತೆಗೋಲು ಮಾಡಿಕೊಂಡಿದೆ. ನನಗೆ ಅದು ಸರಿ ಅನಿಸುತ್ತದೆ. ಮೋಡ್‌ಗಳು ಬರುತ್ತವೆ, ಹೋಗುತ್ತವೆ. ಅಗಲವಾದದ್ದು ಕಿರಿದಾದದ್ದನ್ನು ತುಳಿಯುವುದು ಮಾತ್ರ ಬದಲಾಗುವುದಿಲ್ಲ. 20 ಮೀಟರ್ ಬ್ಯಾಂಡ್ ಇರುವುದೇ 350 ಕಿಲೋಹರ್ಟ್ಸ್. ಅಷ್ಟನ್ನೂ ಧ್ವನಿಗೇ ಕೊಟ್ಟರೂ ಒಂದು ಹೊತ್ತಿಗೆ 130 ಮಾತುಕತೆ ಹಿಡಿಯುವುದೂ ಕಷ್ಟ, ಅದೂ ಮಧ್ಯೆ ಚೂರೂ ಜಾಗ ಬಿಡದೆ ಒತ್ತೊತ್ತಾಗಿ ಇಟ್ಟರೆ. ಮೋರ್ಸ್ ಹಾಗಲ್ಲ. ಅದು ಕಿರಿದು, ಯಾರಿಗೂ ಹೆಚ್ಚು ತೊಂದರೆ ಕೊಡದು. ಅದಕ್ಕೇ ಬೀಕನ್ ಜಾಗ ಬಿಟ್ಟು ಬ್ಯಾಂಡಿನ ಎಲ್ಲಿ ಬೇಕಾದರೂ ಮೋರ್ಸ್ ಬಳಸಬಹುದು ಅಂತ ಮೊದಲನೇ ವಲಯದ ಪ್ಲಾನ್ ಹೇಳುತ್ತದೆ.

ಹೊಸಬರು ತುಂಬಾ ಎಡವುವ ಜಾಗ ಡಯಲ್. ಆ ಪ್ಲಾನಿನ ಅಂಕಿಗಳು ನಿಮ್ಮ ಸಿಗ್ನಲ್ ನಿಜವಾಗಿ ಬೀಳುವ ಜಾಗಕ್ಕೆ ಸೇರಿದವು, ಡಯಲ್ ತೋರಿಸುವ ಅಂಕಿಗಲ್ಲ. ಯುಎಸ್‌ಬಿಯಲ್ಲಿ ಧ್ವನಿ ಡಯಲ್‌ನ ಮೇಲಕ್ಕೆ, ಎಲ್‌ಎಸ್‌ಬಿಯಲ್ಲಿ ಕೆಳಕ್ಕೆ ಹರಡುತ್ತದೆ. 14.349ಕ್ಕೆ ಡಯಲ್ ಇಟ್ಟು ಯುಎಸ್‌ಬಿಯಲ್ಲಿ ಮಾತಾಡಿದರೆ ಡಯಲ್ ಗಡಿಯೊಳಗೇ ಇದೆ, ಧ್ವನಿ ಮಾತ್ರ ಬ್ಯಾಂಡಿನ ಆಚೆ. ಅದು ಪ್ಲಾನ್ ಅಲ್ಲ, ಕಾನೂನೇ ಮೀರಿದ್ದು. ಮೇಲಿನ ತುದಿಯಲ್ಲಿ 14.347ಕ್ಕೆ ನಿಲ್ಲಿಸಿ. 40, 80, 160 ಮೀಟರ್‌ಗಳಲ್ಲಿ ರೂಢಿ ಎಲ್‌ಎಸ್‌ಬಿ, ಅಲ್ಲಿ ಯಾವುದೇ ತುಂಡಿನ ಕೆಳತುದಿಯಿಂದ 3 ಕಿಲೋಹರ್ಟ್ಸ್ ಮೇಲಿರಿ.

ಯಾವ ಪ್ಲಾನ್ ನಿಮ್ಮದು ಅನ್ನುವುದು ನೀವಿರುವ ಜಾಗದ ಮೇಲೆ ಹೋಗುತ್ತದೆ. ಐಟಿಯು ಪ್ರಪಂಚವನ್ನು ಮೂರು ವಲಯ ಮಾಡಿದೆ. ಯುರೋಪ್, ಆಫ್ರಿಕಾ, ಮಧ್ಯಪ್ರಾಚ್ಯದ ಹೆಚ್ಚಿನ ಭಾಗ, ಏಷ್ಯಾದ ಉತ್ತರ ಭಾಗ ಒಂದನೆಯದು. ಉತ್ತರ, ದಕ್ಷಿಣ ಅಮೆರಿಕ ಎರಡನೆಯದು. ಏಷ್ಯಾದ ಉಳಿದ ಬಹುಭಾಗ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳು ಮೂರನೆಯದು. ಐಎಆರ್‌ಯು ಕೂಡ ಇದೇ ಹಂಚಿಕೆಯಲ್ಲಿ ಮೂರು ಪ್ಲಾನ್ ಮಾಡುತ್ತದೆ. ನಿಮ್ಮ ದೇಶದ ಸಂಘ ತನ್ನದೇ ಪ್ಲಾನ್ ಪ್ರಕಟಿಸಿದ್ದರೆ ಅದನ್ನೇ ಹಿಡಿಯಿರಿ, ಅದು ದೇಶದ ಕಾನೂನನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ. ಇಲ್ಲದಿದ್ದರೆ ನಿಮ್ಮ ವಲಯದ್ದು.

ಈ ವ್ಯತ್ಯಾಸ ಸುಮ್ನೆ ಬಂದದ್ದಲ್ಲ. 40 ಮೀಟರನ್ನೇ ನೋಡಿ. ಅಮೆರಿಕಗಳಲ್ಲಿ 7.000 ರಿಂದ 7.300ರ ತನಕ ಹ್ಯಾಮ್‌ಗಳದ್ದು. ಉಳಿದ ಎರಡು ವಲಯಗಳಲ್ಲಿ ಬಹಳ ಕಾಲ 7.100ರ ತನಕ ಮಾತ್ರ ಇತ್ತು, ಅದರ ಮೇಲೆ ಪ್ರಸಾರ ಕೇಂದ್ರಗಳು ಕೂತಿದ್ದವು. 2003ರ ಸಮ್ಮೇಳನದ ತೀರ್ಮಾನದಂತೆ 2009ರಲ್ಲಿ 7.100 ರಿಂದ 7.200 ಅವರಿಗೂ ಸಿಕ್ಕಿತು. 100 ಕಿಲೋಹರ್ಟ್ಸ್‌ನಲ್ಲಿ ಮೋರ್ಸ್, ಡಿಜಿಟಲ್, ಧ್ವನಿ ಎಲ್ಲ ಹಿಡಿಸುವುದು ಒಂದು ಥರದ ಹಂಚಿಕೆ, 300 ಇದ್ದವರದ್ದು ಇನ್ನೊಂದು ಥರ. 2 ಮೀಟರಿನಲ್ಲೂ ಹಾಗೇ. ಎಪಿಆರ್‌ಎಸ್‌ಗೆ (ತಾನಿರುವ ಜಾಗ, ಚಿಕ್ಕ ಸಂದೇಶಗಳನ್ನು ಡಿಜಿಟಲ್ ಆಗಿ ಕಳಿಸುವ ವ್ಯವಸ್ಥೆ) ಯುರೋಪಿನಲ್ಲಿ 144.800, ಉತ್ತರ ಅಮೆರಿಕದಲ್ಲಿ 144.390. ಎಫ್‌ಎಂ ಕರೆಗೆ ಯುರೋಪಿನಲ್ಲಿ 145.500, ಉತ್ತರ ಅಮೆರಿಕದಲ್ಲಿ 146.520. ಇನ್ನೊಂದು ವಲಯದ ಚಾರ್ಟನ್ನು ಗೋಡೆಗೆ ಅಂಟಿಸಿಕೊಂಡರೆ ಪ್ಲಾನ್ ಪಾಲಿಸುತ್ತಲೇ ಎಲ್ಲರಿಗೂ ತೊಂದರೆ ಕೊಡುತ್ತೀರಿ.

ಪ್ಲಾನ್‌ಗಳಲ್ಲಿ ದೋಷವಿಲ್ಲ ಅಂತ ನಾನು ಹೇಳುತ್ತಿಲ್ಲ. ಅವು ನಿಧಾನ. ಸಮ್ಮೇಳನ ಕೂತು ಒಪ್ಪುವಷ್ಟರಲ್ಲಿ ಬ್ಯಾಂಡೇ ಬದಲಾಗಿರುತ್ತದೆ. ಎಫ್‌ಟಿ8 ಬಂದದ್ದು 2017ರಲ್ಲಿ. ಎಲ್ಲಿ ಬಳಸಬೇಕು ಅನ್ನುವುದನ್ನು ನಿರ್ಧರಿಸಿದ್ದು ಹೆಚ್ಚಾಗಿ ಆ ಸಾಫ್ಟ್‌ವೇರ್ ತನ್ನ ಮೆನುವಿನಲ್ಲಿ ಇಟ್ಟುಕೊಂಡ ಫ್ರೀಕ್ವೆನ್ಸಿ ಪಟ್ಟಿ. 20 ಮೀಟರಿನ 14.074 ಪ್ಲಾನಿನ ಡಿಜಿಟಲ್ ತುಂಡಿಗೆ ಸರಿಯಾಗಿ ಕೂರುತ್ತದೆ, 14.070 ರಿಂದ 14.099 ಕಿರಿದಾದ ಡಿಜಿಟಲ್ ಮೋಡ್‌ಗಳದ್ದೇ. 40 ಮೀಟರಿನ 7.074 ಹಾಗಲ್ಲ. ಎಫ್‌ಟಿ8 ಬಂದಾಗ ಮೊದಲನೇ ವಲಯದ ಪ್ಲಾನಿನಲ್ಲಿ ಅದು ಧ್ವನಿಗೂ ತೆರೆದಿದ್ದ ತುಂಡಿನೊಳಗೆ ಬಿತ್ತು. ಅಲ್ಲಿ ಮಾತಾಡುವವರನ್ನು ತಪ್ಪಿತಸ್ಥರು ಅನ್ನಲಾಗದು. ಇಂಥ ಕಡೆ ರೂಢಿ ಒಂದು ಹೇಳುತ್ತದೆ, ಪಟ್ಟಿ ಇನ್ನೊಂದು. ನಾನಾದರೆ ನೂರು ಜನ ನೆಲೆಸಿರುವ ಆ 3 ಕಿಲೋಹರ್ಟ್ಸ್ ಬಿಟ್ಟುಕೊಡುತ್ತೇನೆ, ಜೊತೆಗೆ ಡಿಜಿಟಲ್‌ನವರೂ ಅಲ್ಲಿಂದ ಆಚೆ ಹರಡಬಾರದು ಅಂತ ಹೇಳುತ್ತೇನೆ.

ಇನ್ನು ಪ್ಲಾನ್ ಮೀರಿದವರ ವಿಷಯ. ಒಮ್ಮೆ, ಸಭ್ಯವಾಗಿ, ಚಿಕ್ಕದಾಗಿ ಹೇಳಿ. ಕೇಳದಿದ್ದರೆ ನೀವೇ ಡಯಲ್ ತಿರುಗಿಸಿ. ಅವರ ಮೇಲೆ ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಹಾಕುವುದು, ಟ್ಯೂನ್ ಮಾಡುವ ನೆಪದಲ್ಲಿ ಕೂಗಿಸುವುದು, ಬೈಯುವುದು ಬೇಡ. ಪ್ಲಾನ್ ಮೀರಿದವರು ಒಪ್ಪಂದ ಮುರಿದರು ಅಷ್ಟೇ. ಬೇಕಂತಲೇ ಅಡ್ಡಿ ಮಾಡಿದವರು ಕಾನೂನು ಮುರಿದಂತೆ. "ಇದು ನಮ್ಮ ಗುಂಪಿನ ಫ್ರೀಕ್ವೆನ್ಸಿ, ಹತ್ತು ವರ್ಷದಿಂದ ಇಲ್ಲೇ ಸೇರುತ್ತೇವೆ" ಅನ್ನುವವರಿಗೂ ಇದೇ ಮಾತು. ಯಾವ ಸ್ಟೇಷನ್ನಿಗೂ ಯಾವ ಫ್ರೀಕ್ವೆನ್ಸಿಯೂ ಸ್ವಂತವಲ್ಲ. ಅಮೆರಿಕದ ನಿಯಮದಲ್ಲಿ ಅದನ್ನು ಬರೆದೇ ಇಟ್ಟಿದ್ದಾರೆ. ಪ್ಲಾನ್ ಕೂಡ ತುಂಡನ್ನು ಬಳಕೆಗೆ ಕೊಡುತ್ತದೆ, ಹೆಸರಿಗೆ ಬರೆದುಕೊಡುವುದಿಲ್ಲ.

ಸ್ಪರ್ಧೆಯ ವಾರಾಂತ್ಯಗಳಲ್ಲಿ ಬ್ಯಾಂಡ್ ತುಂಬಿ ತುಳುಕುತ್ತದೆ. ಆಗ ನೆಮ್ಮದಿಯಾಗಿ ಮಾತಾಡಬೇಕೆಂದರೆ 17 ಅಥವಾ 12 ಮೀಟರಿಗೆ ಹೋಗಿ. 1979ರ ಸಮ್ಮೇಳನದಲ್ಲಿ ಸಿಕ್ಕ 30, 17, 12 ಮೀಟರ್ ಬ್ಯಾಂಡ್‌ಗಳಲ್ಲಿ ಸ್ಪರ್ಧೆ ಮಾಡಬಾರದು ಅನ್ನುವ ಒಪ್ಪಂದ ಇಂದಿಗೂ ಗಟ್ಟಿಯಾಗಿ ನಿಂತಿದೆ. 30 ಮೀಟರಿಗೆ ಮಾತ್ರ ಧ್ವನಿ ಒಯ್ಯಬೇಡಿ, ಅಲ್ಲಿರುವುದೇ 50 ಕಿಲೋಹರ್ಟ್ಸ್.

ಮುಂದಿನ ಸಲ 20 ಮೀಟರಿನಲ್ಲಿ ಕರೆಯುವಾಗ ಡಯಲನ್ನು 14.112ರ ಮೇಲಕ್ಕೆ ಒಯ್ಯಿರಿ. ನಿಮ್ಮ ಸಂಘದ ಪ್ಲಾನಿನಲ್ಲಿ ಗಡಿ ಬೇರೆ ಇದ್ದರೆ ಅದನ್ನು ನೋಡಿಕೊಳ್ಳಿ. 14.195ರ ಆಸುಪಾಸು ದೂರದ ದ್ವೀಪಗಳಿಗೆ ಹೋದ ತಂಡಗಳಿಗೆ ಆದ್ಯತೆ. 14.230ರಲ್ಲಿ ಚಿತ್ರ ಕಳಿಸುವ ಎಸ್‌ಎಸ್‌ಟಿವಿಯವರಿರುತ್ತಾರೆ, ಅವರೂ ಮಾತಾಡದೆ ಕಾಯುವವರೇ. 14.300 ತುರ್ತು ಸಂಪರ್ಕದ ಕೇಂದ್ರ, ವಿಪತ್ತಿನ ಸುದ್ದಿ ಇರುವ ದಿನ ಅದರ ಸುತ್ತಮುತ್ತ 5 ಕಿಲೋಹರ್ಟ್ಸ್ ಬಿಟ್ಟುಬಿಡಿ. ಇವೆಲ್ಲ ಬಿಟ್ಟರೂ ಧ್ವನಿಗೆ ಬೇಕಾದಷ್ಟು ಜಾಗ ಉಳಿಯುತ್ತದೆ. ಒಂದು ನಿಮಿಷ ಕೇಳಿ, "ಫ್ರೀಕ್ವೆನ್ಸಿ ಬಳಕೆಯಲ್ಲಿದೆಯಾ?" ಅಂತ ಎರಡು ಸಲ ಕೇಳಿ ನಿಮ್ಮ ಕಾಲ್‌ಸೈನ್ ಹೇಳಿ, ಉತ್ತರ ಬಾರದಿದ್ದರೆ ಸಿಕ್ಯೂ ಕರೆಯಿರಿ. ಯಾರಾದರೂ ಬಂದು ಜಾಗ ಬದಲಿಸಲು ಕೇಳಿದರೆ "ಸರಿ, ಕ್ಯೂಎಸ್‌ವೈ" (ಫ್ರೀಕ್ವೆನ್ಸಿ ಬದಲಿಸುತ್ತೇನೆ) ಅನ್ನಿ, 5 ಕಿಲೋಹರ್ಟ್ಸ್ ಮೇಲಕ್ಕೋ ಕೆಳಕ್ಕೋ ಹೋಗಿ ಮತ್ತೆ ಕೇಳಲು ಶುರು ಮಾಡಿ.